ವೈರ್‌ಲೆಸ್ ಮೌಸ್ ಇದೆ, ರಿಸೀವರ್ ಕಳೆದೋಗಿದೆ. ಬೇರೆ ಯಾವ್ದಾದ್ರೂ ಹಾಕ್ಬೋದಾ?

ತೋಟದ_ರೈಟರ್

ಎಲ್ರಿಗೂ ನಮಸ್ಕಾರ. ಸಿದ್ದಾಪುರ ಹತ್ರ ಒಂದು ಕಾಫಿ ತೋಟದ ಆಫೀಸಲ್ಲಿ ರೈಟರ್ ಕೆಲಸ ನಂದು. ಇಲ್ಲಿರೋದು ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಅಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ ಯಾಕಂದ್ರೆ ಎಲ್ಲಿ ಕೇಳಿದ್ರೂ ಟಚ್‌ಪ್ಯಾಡ್ ಯೂಸ್ ಮಾಡಿ ಅಂತಾರೆ. ಚೆಕ್‌ರೋಲ್ (ಕೆಲಸದವ್ರ ಹಾಜರಿ ಪಟ್ಟಿ), ಗೊಬ್ಬರದ ಸ್ಟಾಕು, ಡೀಸೆಲ್ ಲೆಕ್ಕ ಎಲ್ಲಾ ಇದ್ರಲ್ಲೇ ಎಕ್ಸೆಲ್‌ನಲ್ಲಿ ಇದೆ. ಮೊನ್ನೆ ಮಳೆಗೆ ಹೆಂಚಿನ ಸಂದಿಯಿಂದ ನೀರು ಸೀದಾ ಟೇಬಲ್ ಮೇಲೇ ಇಳಿಯೋಕೆ ಶುರುವಾಯ್ತು, ಅರ್ಜೆಂಟಲ್ಲಿ ಸಿಸ್ಟಮ್ ಎತ್ತಿ ಪಕ್ಕದ ಗೋಡೌನ್‌ಗೆ ಇಟ್ರು, ಆಮೇಲೆ ವಾಪಸ್ ತಂದು ಜೋಡ್ಸಿ ನೋಡಿದ್ರೆ ಮೌಸ್‌ದು ಆ ಉಗುರಿನಷ್ಟು ಇರೋ ಯುಎಸ್‌ಬಿ ಪೀಸ್ ಇಲ್ಲ. ಗೋಣಿಚೀಲ ಎಲ್ಲಾ ಕೊಡವಿ ನೋಡಾಯ್ತು.

ಮೌಸ್ ಲಾಜಿಟೆಕ್‌ದು, ಓನರ್ ಮಗ ಬೆಂಗಳೂರಿಂದ ತಂದಿದ್ದು, ಒಳ್ಳೇ ಮೌಸ್, ಕೈಗೆ ಚೆನ್ನಾಗಿ ಕೂರುತ್ತೆ. ನಮ್ಮ ಅಂಗಡಿಯವ್ರ ಹತ್ರ ಬೇರೆ ಕಂಪನಿ ಮೌಸಿನ ರಿಸೀವರ್ ಇಸ್ಕೊಂಡು ಹಾಕಿದ್ರೆ ಏನೂ ಆಗ್ತಿಲ್ಲ, ಮೌಸ್ ಕೆಳಗಡೆ ಲೈಟ್ ಬರುತ್ತೆ ಅಷ್ಟೇ. ರಿಸೀವರ್ ಮಾತ್ರ ಬೇರೆ ಸಿಗುತ್ತಾ? ಇಲ್ಲ ಅಂದ್ರೆ ಮೌಸ್ ಎಸೀಬೇಕಾ? ಶನಿವಾರ ಬಟವಾಡೆ ಇದೆ, ಅಷ್ಟರೊಳಗೆ ಶೀಟ್ ರೆಡಿ ಮಾಡ್ಬೇಕು, ಮೌಸ್ ಇಲ್ದೆ ಕೈಕಾಲು ಆಡ್ತಾ ಇಲ್ಲ.

ಗೋಣಿಕೊಪ್ಪ_ಗೂಗ್ಲಿ

ಬ್ರೋ ಸಿಂಪಲ್. ಒಂದು ಬ್ಲೂಟೂತ್ ಡಾಂಗಲ್ ತಗೊಳಿ, ಮುನ್ನೂರು ನಾನೂರಿಗೆ ಸಿಗುತ್ತೆ, ಹಾಕಿ, ಕನೆಕ್ಟ್ ಆಗುತ್ತೆ. ಎರಡೂ ವೈರ್‌ಲೆಸ್ಸೇ ಅಲ್ವಾ.

ಕುಶಾಲನಗರ_ಸರ್ವಿಸ್

ಮೇಲಿನ ಬ್ರೋ, ದಯವಿಟ್ಟು ಹಾಗೆ ಹೇಳ್ಬೇಡಿ, ನಿಮ್ ಮಾತು ಕೇಳಿ ಅವ್ರು ದುಡ್ಡು ಕೊಟ್ಟು ಡಾಂಗಲ್ ತಂದ್ರೆ ಅದೂ ವೇಸ್ಟು. ಎರಡೂ ಓಡೋದು 2.4 ಗಿಗಾಹರ್ಟ್ಸ್‌ನಲ್ಲೇ, ವೈಫೈ ಕೂಡ ಅಲ್ಲೇ ಬರುತ್ತೆ, ಆದ್ರೆ ಒಂದೇ ರಸ್ತೆಯಲ್ಲಿ ಓಡಾಡ್ತಾರೆ ಅಂತ ಕೊಡವ ತಕ್ಕ್‌ನಲ್ಲಿ ಮಾತಾಡಿದ್ದು ಮೈಸೂರಿಂದ ಬಂದ ಟೂರಿಸ್ಟ್‌ಗೆ ಅರ್ಥ ಆಗುತ್ತಾ? ರಿಸೀವರ್ ಜೊತೆ ಬರೋ ಮೌಸ್ ಆ ಕಂಪನಿಯವ್ರದ್ದೇ ಸ್ವಂತ ಪ್ರೋಟೋಕಾಲ್‌ನಲ್ಲಿ ಮಾತಾಡೋದು. ಬ್ಲೂಟೂತ್ ಡಾಂಗಲ್ ಬ್ಲೂಟೂತ್ ಇರೋ ಮೌಸ್‌ಗೆ ಮಾತ್ರ. ಕೆಲವು ಮೌಸ್‌ನಲ್ಲಿ ಎರಡೂ ಇರುತ್ತೆ, ಅಂಥದ್ದಾದ್ರೆ ಕೆಳಗಡೆ ಒಂದು ಚಿಕ್ಕ ಬಟನ್, ಪಕ್ಕದಲ್ಲಿ ಬ್ಲೂಟೂತ್ ಗುರುತು ಸಾಮಾನ್ಯವಾಗಿ ಇರುತ್ತೆ. ಬ್ಲೂಟೂತ್ ಇದ್ರೆ ಗೂಗ್ಲಿ ಬ್ರೋ ಹೇಳಿದ್ದು ಸರಿ, ಇಲ್ಲಾಂದ್ರೆ ಇಲ್ಲ.

ರೈಟರ್ ಅಣ್ಣಾ, ನೀವು ಮೊದ್ಲು ಮಾಡ್ಬೇಕಾಗಿರೋದು ಒಂದೇ. ಮೌಸ್ ತಿರುಗಿಸಿ, ಕೆಳಗೆ ಏನ್ ಗುರುತು ಇದೆ ನೋಡಿ. ಬ್ಯಾಟರಿ ಮುಚ್ಚಳ ತೆಗೆದೂ ನೋಡಿ, ಯಾಕಂದ್ರೆ ಸುಮಾರು ಮೌಸ್‌ಗಳಲ್ಲಿ ರಿಸೀವರ್ ಇಡೋಕೆ ಅಲ್ಲೇ ಒಂದು ಗೂಡು ಇರುತ್ತೆ, ಸಿಸ್ಟಮ್ ಎತ್ತಿದವ್ರು ಯಾರೋ ಬುದ್ಧಿವಂತರು ಕಿತ್ತು ಅಲ್ಲೇ ಸಿಕ್ಕಿಸಿರಬೋದು. ನನ್ ಹತ್ರ ರಿಪೇರಿಗೆ ಬಂದ ಮೌಸ್‌ಗಳಲ್ಲೇ ಎಷ್ಟೋ ಸಲ ರಿಸೀವರ್ ಹೊಟ್ಟೆಯೊಳಗೇ ಇರುತ್ತೆ.

ಅಲ್ಲಿ ಇಲ್ಲ ಅಂತಾದ್ರೆ ಆ ಗುರುತಿನ ಮೇಲೇ ಎಲ್ಲಾ ನಿಂತಿರೋದು. ಕಿತ್ತಳೆ ಬಣ್ಣದಲ್ಲಿ ನಕ್ಷತ್ರದ ತರ ಒಂದು ಚಿಕ್ಕ ಗುರುತು ಇದ್ರೆ ಅದು ಯೂನಿಫೈಯಿಂಗ್. ಲಾಜಿಟೆಕ್‌ನವ್ರು 2009ರಲ್ಲಿ ತಂದಿದ್ದು, ಒಂದು ರಿಸೀವರ್‌ಗೆ ಆರು ಡಿವೈಸ್ ತನಕ ಸೇರಿಸ್ಬೋದು, ಮೌಸು ಕೀಬೋರ್ಡು ಯಾವುದಾದ್ರೂ ಸರಿ, ಅದೇ ಗುರುತು ಇರ್ಬೇಕು ಅಷ್ಟೇ. ಅಂಥದ್ದಾದ್ರೆ ಬೇರೆ ಯೂನಿಫೈಯಿಂಗ್ ರಿಸೀವರ್ ಯಾವುದೇ ಸಿಕ್ಕಿದ್ರೂ ನಿಮ್ ಮೌಸ್ ಅದಕ್ಕೆ ಹೊಂದ್ಕೊಳ್ಳುತ್ತೆ. ಅದರ ಬದ್ಲು ಮಿಂಚಿನ ಗುರುತು ಇದ್ರೆ ಅದು ಲಾಜಿ ಬೋಲ್ಟ್, 2021ರಿಂದ ಬರ್ತಿರೋದು, ಅದಕ್ಕೆ ಬೋಲ್ಟ್ ರಿಸೀವರ್ರೇ ಬೇಕು. ಇದಕ್ಕೆ ಅದು ಆಗಲ್ಲ, ಅದಕ್ಕೆ ಇದು ಆಗಲ್ಲ. ಆನ್‌ಲೈನಲ್ಲಿ ಎರಡೂ ಒಂದೇ ತರ ಕಾಣುತ್ತೆ, ಕಂಪನಿ ಒಂದೇ ಅಂತ ತರಿಸ್ಕೊಂಡು ಆಮೇಲೆ ಬೈಕೋತಾರೆ ಜನ.

ಎರಡೂ ಗುರುತು ಇಲ್ಲ ಅಂದ್ರೆ ಹೆಚ್ಚಾಗಿ ಅಗ್ಗದ ಮಾಡೆಲ್, ಮೌಸ್ ಮತ್ತೆ ರಿಸೀವರ್‌ನ ಫ್ಯಾಕ್ಟರಿಯಲ್ಲೇ ಜೋಡಿ ಮಾಡಿ ಕಳಿಸಿರ್ತಾರೆ. ಅದಕ್ಕೆ ಹುಡುಕೋ ಟೈಮಲ್ಲಿ ಹೊಸಾ ಮೌಸ್ ಬರುತ್ತೆ.

ಸಂಪಾಜೆ_ಘಾಟಿ

ಎಸೆಯುವ ಮೊದಲು ಒಂದು ಉಪಾಯ ಉಂಟು ಮಾರಾಯ್ರೇ. ರಿಸೀವರ್ ಬಿದ್ದು ಹೋದದ್ದು ಅಂತ ಎಲ್ಲರೂ ನೆಲ ಹುಡುಕುದು, ಆದ್ರೆ ಹೆಚ್ಚಿನ ಸಲ ಅದು ಬೇರೆ ಯಾವುದೋ ಕಂಪ್ಯೂಟರಿನ ಹಿಂದೆ ಸಿಕ್ಕಿಕೊಂಡು ಕೂತಿರ್ತದೆ. ಮೌಸ್ ಆನ್ ಮಾಡಿ ಕೈಯಲ್ಲಿ ಹಿಡ್ಕೊಂಡು ಅಲ್ಲಿರುವ ಬೇರೆ ಸಿಸ್ಟಮ್, ಲ್ಯಾಪ್‌ಟಾಪ್, ಟಿವಿ ಎಲ್ಲ ಆನ್ ಮಾಡಿ ಅದರ ಎದುರು ನಿಂತು ಮೌಸ್ ಆಡಿಸಿ. ಸ್ಕ್ರೀನಲ್ಲಿ ಬಾಣ ಓಡಾಡಿದ್ರೆ ರಿಸೀವರ್ ಅಲ್ಲೇ ಉಂಟು. ಹತ್ತು ಮೀಟರ್ ತನಕ ಸಿಗ್ನಲ್ ಹೋಗ್ತದೆ, ಗೋಡೆ ಅಡ್ಡ ಬಂದ್ರೆ ಕಡಿಮೆ.

ನಮ್ಮ ಅಣ್ಣನ ಹೋಮ್‌ಸ್ಟೇಯಲ್ಲಿ ಇದೇ ಕಥೆ ಆದದ್ದು. ರಿಸೆಪ್ಷನ್ ಕಂಪ್ಯೂಟರಿನ ರಿಸೀವರ್ ಕಾಣೆ, ಅದೇ ಹೊತ್ತಿಗೆ ಮೇಲಿನ ರೂಮಿನ ಸ್ಮಾರ್ಟ್ ಟಿವಿಯಲ್ಲಿ ಬಾಣದ ಗುರುತು ತನ್ನಷ್ಟಕ್ಕೆ ಓಡ್ತದೆ ಅಂತ ಗೆಸ್ಟ್ ಕಂಪ್ಲೇಂಟು. ಯಾರೋ ಮಕ್ಕಳು ಪೆನ್‌ಡ್ರೈವ್ ಅಂತ ಟಿವಿ ಹಿಂದೆ ಚುಚ್ಚಿ ಇಟ್ಟದ್ದು. ಇವರು ಕೆಳಗೆ ಕೂತು ಮೌಸ್ ಕೆಲಸ ಮಾಡುದಿಲ್ಲ ಅಂತ ಆಡಿಸಿದ ಹಾಗೆಲ್ಲ ಮೇಲೆ ಟಿವಿ ಚಾನೆಲ್ ಬದಲಾಗ್ತಾ ಇತ್ತು.

ಇನ್ನೊಂದು, ನಿಮ್ಮ ಸಿಪಿಯು ಹಿಂದುಗಡೆ ಕೈ ಹಾಕಿ ಒಮ್ಮೆ ಸವರಿ ನೋಡಿ. ಎತ್ತಿ ಇಡುವಾಗ ಮುಂದಿನದ್ದು ತೆಗ್ದು ಹಿಂದೆ ಹಾಕಿರಬಹುದು, ಅದು ಹೊರಗೆ ಕಾಣುದು ನಾಲ್ಕೈದು ಮಿಲಿಮೀಟರ್ ಮಾತ್ರ.

ಹಳೇ_ಕ್ಯಾಶಿಯರ್

ರೈಟರ್ ಅವರೇ, ಬಟವಾಡೆಗೆ ಮೌಸ್ ಯಾಕ್ರೀ ಬೇಕು? ನಾವು ಬ್ಯಾಂಕಲ್ಲಿ ಮೌಸ್ ಮುಟ್ಟದೇ ದಿನದ ಲೆಕ್ಕ ಮುಗಿಸ್ತಿದ್ದವರು. ವಿಂಡೋಸ್‌ನಲ್ಲಿ ಎಡಗಡೆ ಆಲ್ಟ್, ಎಡಗಡೆ ಶಿಫ್ಟ್, ನಮ್‌ಲಾಕ್ ಮೂರೂ ಒಟ್ಟಿಗೆ ಒತ್ತಿ, ಮೌಸ್ ಕೀಸ್ ಆನ್ ಮಾಡ್ಬೇಕಾ ಅಂತ ಕೇಳುತ್ತೆ, ಎಸ್ ಕೊಡಿ. ಆಮೇಲೆ ಬಲಗಡೆ ನಂಬರ್ ಪ್ಯಾಡೇ ನಿಮ್ಮ ಮೌಸು. 8 ಒತ್ತಿದ್ರೆ ಮೇಲೆ, 2 ಕೆಳಗೆ, 4 ಎಡಕ್ಕೆ, 6 ಬಲಕ್ಕೆ, ಮೂಲೆ ನಂಬರುಗಳು ಓರೆಯಾಗಿ. 5 ಕ್ಲಿಕ್, ಪ್ಲಸ್ ಡಬಲ್ ಕ್ಲಿಕ್. ಮೈನಸ್ ಒತ್ತಿ ಆಮೇಲೆ 5 ಒತ್ತಿದ್ರೆ ರೈಟ್ ಕ್ಲಿಕ್, ವಾಪಸ್ ಲೆಫ್ಟ್‌ಗೆ ಬರೋಕೆ ಭಾಗಾಕಾರದ ಗುರುತು ಒತ್ತಿ. ಮೊದಮೊದಲು ಆಮೆ ನಡಿಗೆ ಅನ್ಸುತ್ತೆ, ಒತ್ತಿ ಹಿಡಿದ್ರೆ ವೇಗ ತಗೊಳ್ಳುತ್ತೆ.

ಎಕ್ಸೆಲ್ ಒಳಗೆ ಅದೂ ಬೇಡ. ಕಂಟ್ರೋಲ್ ಹಿಡಿದು ಬಾಣದ ಕೀ ಒತ್ತಿದ್ರೆ ಕಾಲಮ್ ಕೊನೆಗೆ ಹಾರುತ್ತೆ, ಎಫ್2 ಒತ್ತಿದ್ರೆ ಸೆಲ್ ತಿದ್ಬೋದು, ಆಲ್ಟ್ ಜೊತೆ ಸಮ ಚಿಹ್ನೆ ಒತ್ತಿದ್ರೆ ಟೋಟಲ್ ತಾನೇ ಬರುತ್ತೆ, ಕಂಟ್ರೋಲ್ ಡಿ ಅಂದ್ರೆ ಮೇಲಿನ ಫಾರ್ಮುಲಾ ಕೆಳಗೆ ಇಳಿಯುತ್ತೆ. ಹೆಸರು, ಹಾಜರಿ, ಕೂಲಿ, ಅಡ್ವಾನ್ಸ್ ಕಳೆದು ಕೈಗೆ ಎಷ್ಟು, ಇಷ್ಟೇ ತಾನೇ ನಿಮ್ಮ ಶೀಟು.

ಮತ್ತೆ ಆಫೀಸಿಗೆ ವೈರ್‌ಲೆಸ್ ಯಾಕೆ ಅಂತ ನನಗೆ ಈಗಲೂ ಅರ್ಥ ಆಗಿಲ್ಲ. ವೈರ್ ಇರೋದು ತಗೊಳ್ಳಿ, ಬ್ಯಾಟರಿ ಬೇಡ, ರಿಸೀವರ್ ಬೇಡ, ಕಳೆಯೋ ಮಾತೇ ಇಲ್ಲ.

ತೋಟದ_ರೈಟರ್

ಕ್ಯಾಶಿಯರ್ ಸಾರ್ ನಂಬರ್ ಪ್ಯಾಡ್ ವಿದ್ಯೆಗೆ ಕೈ ಮುಗಿದೆ, ಆಗ್ತಾ ಇದೆ, ಮೂವತ್ತೆರಡನೇ ಲೈನ್ ತನಕ ಬಂದಿದ್ದೀನಿ. ವೈರ್ ಮೌಸ್ ಇತ್ತು ಸಾರ್ ಮೊದ್ಲು, ಗೋಡೌನ್ ಪಕ್ಕದ ಆಫೀಸು ನಮ್ದು, ಇಲಿಗಳು ಅದರ ವೈರ್ ಕಡಿದು ಹಾಕಿದ್ದಕ್ಕೇ ವೈರ್‌ಲೆಸ್ ಬಂದಿದ್ದು.

ಸರ್ವಿಸ್ ಅಣ್ಣಾ, ತಿರುಗಿಸಿ ನೋಡ್ದೆ. ಕಿತ್ತಳೆ ಗುರುತು ಇದೆ!! ಎಂ705 ಅಂತ ಬರೆದಿದೆ. ಬ್ಯಾಟರಿ ಹತ್ರ ರಿಸೀವರ್ ಇಡೋ ಗೂಡೂ ಇದೆ, ಖಾಲಿ. ಸಂಪಾಜೆಯವ್ರು ಹೇಳಿದ ಹಾಗೆ ಬಂಗ್ಲೆಯ ಲ್ಯಾಪ್‌ಟಾಪ್ ಹತ್ರನೂ ಆಡಿಸಿ ನೋಡ್ದೆ, ಅಲ್ಲಾಡ್ಲಿಲ್ಲ, ಸಾಹೇಬ್ರು ಇದೇನಪ್ಪಾ ಅಂತ ನೋಡ್ತಾ ಇದ್ರು. ಈಗ ಯೂನಿಫೈಯಿಂಗ್ ರಿಸೀವರ್ ಎಲ್ಲಿ ಸಿಗುತ್ತೆ? ಆನ್‌ಲೈನಲ್ಲಿ ನೋಡಿದ್ರೆ ನಮ್ ಪಿನ್‌ಕೋಡಿಗೆ ಡೆಲಿವರಿ ಇಲ್ಲ ಅಂತ ಬರುತ್ತೆ, ಮಾಮೂಲಿ.

ಕುಶಾಲನಗರ_ಸರ್ವಿಸ್

ಎಂ705 ಅಂದ್ರೆ ಎಸೆಯೋ ಮೌಸ್ ಅಲ್ಲ, ಬ್ಯಾಟರಿ ವರ್ಷಗಟ್ಟಲೆ ಬರುತ್ತೆ ಅದರದ್ದು. ಕಂಪನಿಯವ್ರು ರಿಸೀವರ್ ಬಿಡಿಯಾಗೂ ಮಾರ್ತಾರೆ, ಬೆಂಗಳೂರು ಎಸ್‌ಪಿ ರೋಡಲ್ಲಿ ಕೇಳಿದ್ರೆ ಸಿಗ್ಬೋದು. ಆದ್ರೆ ಹೊಸದೇ ಬೇಕಂತಿಲ್ಲ ಅಣ್ಣಾ. ನನ್ ಅಂಗಡಿ ಡ್ರಾಯರಲ್ಲಿ ಮೌಸ್ ಸತ್ತು ರಿಸೀವರ್ ಮಾತ್ರ ಉಳಿದಿರೋವು ಒಂದು ಡಬ್ಬಿ ತುಂಬಾ ಇವೆ, ಕಿತ್ತಳೆ ಗುರುತಿಂದು ಖಂಡಿತ ಇರುತ್ತೆ. ನಿಮ್ಮೂರಲ್ಲೂ ಯಾರ ಮನೇಲಾದ್ರೂ ಕೆಟ್ಟೋದ ಲಾಜಿಟೆಕ್ ಕೀಬೋರ್ಡ್ ಸೆಟ್ ಇದ್ರೆ ಅದರ ರಿಸೀವರ್ ಮೇಲೆ ಆ ಗುರುತು ಇದ್ಯಾ ನೋಡಿ, ಇದ್ರೆ ಪುಕ್ಕಟೆ ಆಯ್ತು.

ಸೇರ್ಸೋದು ಹೇಗೆ ಅಂದ್ರೆ, ಲಾಜಿಟೆಕ್ ವೆಬ್‌ಸೈಟಿಂದಾನೇ ಯೂನಿಫೈಯಿಂಗ್ ಸಾಫ್ಟ್‌ವೇರ್ ಇಳಿಸ್ಕೊಳ್ಳಿ, ಕಂಡಕಂಡ ಡ್ರೈವರ್ ಸೈಟಿಂದ ಬೇಡ. ರಿಸೀವರ್ ಚುಚ್ಚಿ, ಸಾಫ್ಟ್‌ವೇರ್ ಓಪನ್ ಮಾಡಿ ನೆಕ್ಸ್ಟ್ ಕೊಟ್ರೆ ಮೌಸ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತೆ. ಕೆಳಗಿನ ಸ್ವಿಚ್ ಒಂದ್ಸಲ ಆಫ್ ಆನ್ ಮಾಡಿದ ತಕ್ಷಣ ಹಿಡ್ಕೊಳ್ಳುತ್ತೆ. ಬಾಣ ಓಡಾಡ್ತಿದ್ಯಾ ಅಂತ ಕೇಳುತ್ತೆ, ಎಸ್ ಕೊಟ್ರೆ ಮುಗೀತು. ಮೌಸ್ ಇಲ್ದೆ ನೆಕ್ಸ್ಟ್ ಒತ್ತೋದು ಹೇಗೆ ಅಂತ ಕೇಳ್ಬೇಡಿ, ಟ್ಯಾಬ್ ಮತ್ತೆ ಎಂಟರ್ ಸಾಕು.

ಇದರಲ್ಲಿ ಒಂದು ಒಳ್ಳೇ ವಿಷ್ಯ ಏನಂದ್ರೆ ಜೋಡಿ ಆಗಿರೋ ನೆನಪು ರಿಸೀವರ್ ಒಳಗೇ ಉಳಿಯೋದು, ಕಂಪ್ಯೂಟರಲ್ಲಿ ಅಲ್ಲ. ಹಾಗಾಗಿ ನಿಮ್ ಆಫೀಸಲ್ಲಿ ನೆಟ್ ಇಲ್ದಿದ್ರೂ ಪರ್ವಾಗಿಲ್ಲ, ಮೌಸ್ ತಗೊಂಡು ಬಂದ್ರೆ ನಾನು ಇಲ್ಲೇ ಜೋಡಿ ಮಾಡಿ ಕೊಡ್ತೀನಿ, ಅಲ್ಲಿ ಹೋಗಿ ಚುಚ್ಚಿದ್ರೆ ಸಾಫ್ಟ್‌ವೇರ್ ಇಲ್ದೇನೇ ಓಡುತ್ತೆ. ಸಂತೆ ದಿನ ಮಾತ್ರ ಬರ್ಬೇಡಿ, ಅಂಗಡಿ ಮುಂದೆ ಗಾಡಿ ನಿಲ್ಸೋಕೂ ಜಾಗ ಇರಲ್ಲ.

ಮಡಿಕೇರಿ_ಮಿಸ್ಸು

ಇದೇ ಥ್ರೆಡ್ಡಲ್ಲಿ ಕೇಳ್ಬೋದಾ? ನನ್ನ ಹತ್ರ ಇರೋದು ಎಚ್‌ಪಿ ಮೌಸ್, ಆರ್ನೂರು ರೂಪಾಯಿದು, ಸ್ಕೂಲ್ ಪ್ರೊಜೆಕ್ಟರ್ ಸಿಸ್ಟಮ್‌ಗೆ ಹಾಕಿದ್ದ ರಿಸೀವರ್ ಮಕ್ಕಳು ಎಲ್ಲೋ ಮಾಡಿದ್ದಾರೆ. ಲೆಫ್ಟ್ ರೈಟ್ ಎರಡೂ ಬಟನ್ ಮತ್ತೆ ವೀಲ್ ಒಟ್ಟಿಗೆ ಒತ್ತಿ ಹಿಡಿದ್ರೆ ಬೇರೆ ರಿಸೀವರ್‌ಗೆ ಕನೆಕ್ಟ್ ಆಗುತ್ತೆ ಅಂತ ವಿಡಿಯೋದಲ್ಲಿ ನೋಡ್ದೆ, ಬೆರಳು ನೋವು ಬಂತೇ ಹೊರತು ಏನೂ ಆಗ್ಲಿಲ್ಲ. ಇನ್ನೊಂದು ಡೌಟು, ಕಳೆದ ರಿಸೀವರ್ ಯಾರಿಗಾದ್ರೂ ಸಿಕ್ಕಿದ್ರೆ ನಾನು ಟೈಪ್ ಮಾಡೋ ಪಾಸ್‌ವರ್ಡ್ ಎಲ್ಲಾ ಅವ್ರಿಗೆ ಹೋಗುತ್ತಾ? ನಂಗೆ ಅದೇ ಭಯ.

ಕುಶಾಲನಗರ_ಸರ್ವಿಸ್

ಮಿಸ್, ಆ ಬಟನ್ ಒತ್ತೋ ವಿದ್ಯೆ ಕೆಲವು ಚೀನಾ ಮೌಸ್‌ಗಳಲ್ಲಿ ಅದೇ ಮಾಡೆಲ್ ರಿಸೀವರ್ ಇದ್ರೆ ನಡೆಯುತ್ತೆ, ಎಲ್ಲದಕ್ಕೂ ಅಲ್ಲ. ಆ ರೇಟಿನ ಮೌಸ್‌ಗೆ ರಿಸೀವರ್ ಬಿಡಿ ಸಿಗಲ್ಲ. ಡೆಲ್‌ನವ್ರದ್ದು ಕೆಲವು ಮಾಡೆಲಲ್ಲಿ ಯೂನಿವರ್ಸಲ್ ಪೇರಿಂಗ್ ಅಂತ ಇದೆ, ಅದಕ್ಕೂ ಆರು ಡಿವೈಸ್ ಸೇರ್ಸ್ಬೋದು, ಎಚ್‌ಪಿಯಲ್ಲೂ ಲಿಂಕ್ 5 ಅಂತ ಒಂದಿತ್ತು, ನಿಮ್ ಮೌಸ್ ಮೇಲೆ ಹಾಗೇನಾದ್ರೂ ಬರೆದಿದ್ರೆ ಹೇಳಿ. ಇಲ್ಲಾಂದ್ರೆ ಹೊಸದು ತಗೊಳ್ಳಿ, ಮಕ್ಕಳು ಓಡಾಡೋ ಜಾಗಕ್ಕೆ ವೈರ್ ಇರೋದೇ ವಾಸಿ, ಅದರಲ್ಲಿ ನಾನು ಕ್ಯಾಶಿಯರ್ ಸಾರ್ ಕಡೆ.

ರಾತ್ರಿಪಾಳಿ

ಪಾಸ್‌ವರ್ಡ್ ಡೌಟ್‌ಗೆ ನಾನು ಹೇಳ್ತೀನಿ, ಊರು ವಿರಾಜಪೇಟೆ, ಕೆಲಸ ಬೆಂಗಳೂರಲ್ಲಿ ಸೆಕ್ಯುರಿಟಿ ಟೀಮಲ್ಲಿ. ನೀವು ಕಳ್ಕೊಂಡಿದ್ದು ಮೌಸಿನ ರಿಸೀವರ್ ಮಾತ್ರ ಆದ್ರೆ ಟೈಪ್ ಮಾಡಿದ್ದು ಅದಕ್ಕೆ ಹೋಗಲ್ಲ, ಯಾರಾದ್ರೂ ಚುಚ್ಕೊಂಡ್ರೆ ನಿಮ್ ಮೌಸ್ ಆಡಿಸಿದಾಗ ಅವ್ರ ಬಾಣ ಓಡುತ್ತೆ ಅಷ್ಟೇ, ಅದೂ ಹತ್ರ ಇದ್ರೆ. ಕೀಬೋರ್ಡ್ ಮೌಸ್ ಎರಡಕ್ಕೂ ಒಂದೇ ರಿಸೀವರ್ ಇರೋ ಕಾಂಬೋ ಸೆಟ್ ಆದ್ರೆ ಸ್ವಲ್ಪ ಯೋಚ್ನೆ ಮಾಡ್ಬೇಕು, ಯಾಕಂದ್ರೆ ಪಕ್ಕದ ರೂಮಲ್ಲಿ ಯಾರೋ ಅದನ್ನ ಚುಚ್ಕೊಂಡಿದ್ರೆ ನೀವು ಒತ್ತಿದ ಕೀ ಅವ್ರ ಸ್ಕ್ರೀನಲ್ಲಿ ಬೀಳುತ್ತೆ. ಆದ್ರೆ ರಿಸೀವರ್ ಇಲ್ದಿರೋ ಕೀಬೋರ್ಡಲ್ಲಿ ಯಾರೂ ಪಾಸ್‌ವರ್ಡ್ ಹೊಡೀತಾ ಕೂರಲ್ವಲ್ಲ.

ಹಳೇ ರಿಸೀವರ್ ತಗೊಳ್ಳೋರಿಗೆ ಮಾತ್ರ ಒಂದು ಮಾತು. 2016ರಲ್ಲಿ ಮೌಸ್‌ಜಾಕ್ ಅಂತ ಒಂದು ದೋಷ ಹೊರಗೆ ಬಂತು, ಬ್ಯಾಸ್ಟೀಲ್ ಅನ್ನೋ ಕಂಪನಿಯವ್ರು ಕಂಡುಹಿಡಿದಿದ್ದು. ಮೌಸ್ ಕಳಿಸೋ ಸಿಗ್ನಲ್‌ಗೆ ಎನ್‌ಕ್ರಿಪ್ಶನ್ (ಗುಟ್ಟಿನ ಸಂಕೇತಕ್ಕೆ ಬದಲಾಯಿಸೋದು) ಇರ್ಲಿಲ್ಲ, ಅದನ್ನೇ ಬಳಸ್ಕೊಂಡು ನೂರು ಮೀಟರ್ ದೂರದಿಂದ ಒಬ್ಬ ನಾನೇ ಮೌಸು ಅಂತ ಹೇಳ್ಕೊಂಡು ನಿಮ್ ಕಂಪ್ಯೂಟರ್‌ಗೆ ಕೀ ಒತ್ತಿದ ಹಾಗೆ ಕಮಾಂಡ್ ಕಳಿಸ್ಬೋದಿತ್ತು. ಲಾಜಿಟೆಕ್, ಡೆಲ್, ಮೈಕ್ರೋಸಾಫ್ಟ್ ಸುಮಾರು ಕಂಪನಿಗಳದ್ದು ಇತ್ತು ಆ ಲಿಸ್ಟಲ್ಲಿ. ಯೂನಿಫೈಯಿಂಗ್‌ಗೆ ಲಾಜಿಟೆಕ್‌ನವ್ರು ಫರ್ಮ್‌ವೇರ್ (ರಿಸೀವರ್ ಒಳಗೇ ಇರೋ ಸಾಫ್ಟ್‌ವೇರ್) ಅಪ್‌ಡೇಟ್ ಬಿಟ್ರು. ಡ್ರಾಯರಲ್ಲಿ ವರ್ಷಾನುಗಟ್ಟಲೆ ಬಿದ್ದಿದ್ದ ರಿಸೀವರ್‌ಗೆ ಆ ಅಪ್‌ಡೇಟ್ ಆಗಿರಲ್ಲ, ಹಾಗಾಗಿ ಜೋಡಿ ಮಾಡಿದ ಮೇಲೆ ಫರ್ಮ್‌ವೇರ್ ಅಪ್‌ಡೇಟೂ ಮಾಡಿಸ್ಕೊಳ್ಳಿ. ಸಿದ್ದಾಪುರದ ತೋಟದಲ್ಲಿ ನೂರು ಮೀಟರ್ ಒಳಗೆ ಹ್ಯಾಕರ್‌ಗಿಂತ ಆನೆ ಬರೋ ಚಾನ್ಸೇ ಜಾಸ್ತಿ, ಆದ್ರೂ ಆಫೀಸ್ ಸಿಸ್ಟಮಲ್ಲಿ ಬ್ಯಾಂಕ್ ಕೆಲಸ ಮಾಡ್ತೀರಲ್ಲ.

ಹಳೇ ರಿಸೀವರಲ್ಲಿ ಮೊದ್ಲಿದ್ದ ಮೌಸು ಕೀಬೋರ್ಡಿನ ಜೋಡಿ ಹಾಗೇ ಉಳಿದಿರುತ್ತೆ, ಯೂನಿಫೈಯಿಂಗ್ ಸಾಫ್ಟ್‌ವೇರ್‌ನಲ್ಲಿ ಅಡ್ವಾನ್ಸ್ಡ್ ಒಳಗೆ ಹೋಗಿ ಅದನ್ನ ಅನ್‌ಪೇರ್ ಮಾಡಿ. ಲಿನಕ್ಸ್ ಇರೋರಿಗೆ ಸೋಲಾರ್ ಅಂತ ಸಾಫ್ಟ್‌ವೇರ್ ಇದೆ, ಅದರಲ್ಲೂ ಜೋಡಿ ಮಾಡೋದು, ಅನ್‌ಪೇರ್ ಮಾಡೋದು ಆಗುತ್ತೆ.

ತೋಟದ_ರೈಟರ್

ಅಪ್‌ಡೇಟ್. ಬಟವಾಡೆ ನಂಬರ್ ಪ್ಯಾಡಲ್ಲೇ ಮುಗೀತು, ಮರುದಿನ ಬಸ್ ಹತ್ತಿ ಕುಶಾಲನಗರಕ್ಕೆ ಹೋಗಿ ಸರ್ವಿಸ್ ಅಣ್ಣನ ಡಬ್ಬಿಯಿಂದ ಒಂದು ರಿಸೀವರ್ ತಂದೆ. ಜೋಡಿ ಮಾಡಿ, ಫರ್ಮ್‌ವೇರ್ ಅಪ್‌ಡೇಟೂ ಮಾಡಿ ಕೊಟ್ರು, ಹಳೇದರ ಎಂಟ್ರಿ ಅಳಿಸಿದ್ರು. ದುಡ್ಡು ಬೇಡ ಅಂದ್ರು, ನಮ್ ತೋಟದ್ದು ಒಂದು ಪೊಟ್ಟಣ ಕಾಫಿಪುಡಿ ಕೊಟ್ಟು ಬಂದೆ.

ಆದ್ರೆ ಇಲ್ಲಿ ಬಂದು ಹಾಕಿದ್ರೆ ಬಾಣ ಒಂಥರಾ ಕುಂಟ್ತಾ ಇದೆ, ಓಡ್ತಾ ಓಡ್ತಾ ನಿಂತು ಮತ್ತೆ ಹಾರುತ್ತೆ. ಅಂಗಡೀಲಿ ಚೆನ್ನಾಗಿತ್ತು. ಸಿಪಿಯು ಕಬ್ಬಿಣದ ಟೇಬಲ್ ಕೆಳಗಿದೆ, ರಿಸೀವರ್ ಹಿಂದುಗಡೆ ನೀಲಿ ಪೋರ್ಟಲ್ಲಿ, ಪಕ್ಕದಲ್ಲೇ ಬ್ಯಾಕಪ್ ಹಾರ್ಡ್‌ಡಿಸ್ಕ್ ಹಾಕಿದ್ದೀನಿ. ಹಳೇ ರಿಸೀವರ್ ಮುಂದೆ ಇರ್ತಿತ್ತು, ಈ ಸಲ ಯಾರ ಕೈಗೂ ಸಿಗ್ಬಾರ್ದು ಅಂತ ಹಿಂದೆ ಹಾಕ್ದೆ. ರಿಸೀವರ್ ಹಳೇದಾಗಿದ್ದಕ್ಕೆ ಹೀಗಾ?

ರಾತ್ರಿಪಾಳಿ

ರಿಸೀವರ್ ತಪ್ಪಲ್ಲ. ನೀಲಿ ಪೋರ್ಟ್ ಅಂದ್ರೆ ಯುಎಸ್‌ಬಿ 3, ಅದರಲ್ಲಿ ಹಾರ್ಡ್‌ಡಿಸ್ಕ್ ಓಡುವಾಗ ಬರೋ ನಾಯ್ಸ್ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತೆ, 2012ರಲ್ಲೇ ಇಂಟೆಲ್‌ನವ್ರು ಇದರ ಬಗ್ಗೆ ಒಂದು ಪೇಪರ್ ಬರೆದಿದ್ದಾರೆ. ಅದರ ಮೇಲೆ ಕಬ್ಬಿಣದ ಟೇಬಲ್ ಬೇರೆ ಅಡ್ಡ. ಕಪ್ಪು ಪೋರ್ಟ್‌ಗೆ ಹಾಕಿ, ಹಾರ್ಡ್‌ಡಿಸ್ಕಿಂದ ದೂರ ಇರ್ಲಿ. ಇನ್ನೂ ಸರಿಯಾಗ್ಲಿಲ್ಲ ಅಂದ್ರೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ತಗೊಂಡು ರಿಸೀವರ್‌ನ ಟೇಬಲ್ ಮೇಲಕ್ಕೆ ತನ್ನಿ, ಕಣ್ಣೆದುರೇ ಇರುತ್ತೆ.

ತೋಟದ_ರೈಟರ್

ಎಕ್ಸ್‌ಟೆನ್ಶನ್ ಹಾಕಿ ಮಾನಿಟರ್ ಸ್ಟ್ಯಾಂಡ್‌ಗೆ ಟೇಪ್ ಸುತ್ತಿಟ್ಟೆ. ಈಗ ನೀಟಾಗಿ ಓಡ್ತಿದೆ. ಒಂದೇ ಒಂದು ಪ್ರಶ್ನೆ, ಗೋಣಿಚೀಲದೊಳಗಿಂದ ಹಳೇ ರಿಸೀವರ್ ಸಿಕ್ಕಿದ್ರೆ ಎರಡನ್ನೂ ಯೂಸ್ ಮಾಡ್ಬೋದಾ, ಬಂಗ್ಲೆಗೊಂದು ಆಫೀಸಿಗೊಂದು?

ಕುಶಾಲನಗರ_ಸರ್ವಿಸ್

ಆ ಮೌಸ್ ಒಂದ್ಸಲಕ್ಕೆ ಒಂದೇ ರಿಸೀವರ್ ನೆನಪಿಟ್ಕೊಳ್ಳೋದು ಅಣ್ಣಾ. ಹಳೇದಕ್ಕೆ ಮತ್ತೆ ಜೋಡಿ ಮಾಡಿದ್ರೆ ಹೊಸದನ್ನ ಬಿಡುತ್ತೆ. ಸಿಕ್ಕಿದ್ರೆ ಆ ಬ್ಯಾಟರಿ ಗೂಡಲ್ಲಿ ಸ್ಪೇರ್ ಅಂತ ಇಟ್ಬಿಡಿ.

ಮಡಿಕೇರಿ ಮಿಸ್ಸು ಮತ್ತೆ ಬೇರೆಯವ್ರಿಗೂ ಒಂದು ರಿಕ್ವೆಸ್ಟು, ರಿಸೀವರ್ ಹೋದ ಮೌಸ್ ಕಸಕ್ಕೆ ಹಾಕ್ಬೇಡಿ, ಈ ಕಡೆ ಬಂದಾಗ ಕೊಟ್ಟು ಹೋಗಿ. ಒಳಗಿನ ಕ್ಲಿಕ್ ಸ್ವಿಚ್ ಬಿಚ್ಚಿ ಬೇರೆ ಮೌಸ್‌ಗೆ ಹಾಕ್ತೀನಿ, ಒಂದ್ಸಲ ಒತ್ತಿದ್ರೆ ಎರಡು ಸಲ ಕ್ಲಿಕ್ ಆಗೋ ಮೌಸ್‌ಗಳು ವಾರಕ್ಕೆ ಒಂದಾದ್ರೂ ಬರ್ತಾ ಇರುತ್ತೆ. ಕೊಡೋ ಮೊದ್ಲು ಬ್ಯಾಟರಿ ತೆಗೀರಿ. ನಮ್ ಮಳೆಗಾಲದ ಶೀತಕ್ಕೆ ಒಳಗೇ ಬಿಟ್ಟ ಸೆಲ್ ಲೀಕ್ ಆಗಿ ಸ್ಪ್ರಿಂಗ್ ಎಲ್ಲಾ ಹಸಿರು ಹಿಡಿದಿರುತ್ತೆ, ಆಮೇಲೆ ಅದು ಸ್ಪೇರ್‌ಗೂ ಬರಲ್ಲ.